ಧರ್ಮಪುರದ ಮಂದೆ, ಉಕ್ಕಿನ ತೊಟ್ಟಿ

ಹಿರಿಯೂರಿನಿಂದ ಪೂರ್ವಕ್ಕೆ, ಆಂಧ್ರದ ಗಡಿಯತ್ತ ಹೊರಟ ಬಸ್ಸು ಧರ್ಮಪುರ ತಲುಪುವಷ್ಟರಲ್ಲಿ ಒಂದೆರಡು ಕಡೆಯಾದರೂ ನಿಲ್ಲಬೇಕಾದೀತು. ಪ್ರಯಾಣಿಕರಿಗಾಗಿ ಅಲ್ಲ, ರಸ್ತೆ ದಾಟುವ ಕುರಿಗಳಿಗಾಗಿ! ಊರಿಗೊಂದು ದೊಡ್ಡ ಕೆರೆ, ಗಡಿಯಾಚೆ ಹತ್ತಿರದಲ್ಲೇ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ. ಇತಿಹಾಸಕ್ಕೆ ಬರವಿಲ್ಲ, ಬರವಿರುವುದು ಮಳೆಗೆ. ಶೇಂಗಾ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ಕಾಯುವುದು ಕುರಿಯೇ.

ಬೆಳಿಗ್ಗೆ ರೊಪ್ಪದಿಂದ ಹೊರಬಿದ್ದ ಮಂದೆ ಬೀಳು ಹೊಲ, ಕೆರೆಯಂಗಳ, ಹಳ್ಳದ ದಂಡೆ ಸುತ್ತುತ್ತದೆ. ಒಣಹುಲ್ಲು, ಕಟಾವಾದ ಹೊಲದಲ್ಲಿ ಉಳಿದ ಬಳ್ಳಿ, ಕುರಿಗಾಹಿ ದೋಟಿಯಿಂದ ಉದುರಿಸಿದ ಜಾಲಿಕಾಯಿ, ಹೀಗೆ ಮನುಷ್ಯ ತಿನ್ನಲಾಗದ್ದನ್ನೆಲ್ಲ ತಿಂದು ಅದು ಮಾಂಸ ಮಾಡುತ್ತದೆ. ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರ ಬೇರೆ.

ಕುರಿಯೇ ಇಲ್ಲದೆ ಮಾಂಸ ಬೆಳೆಯಬಹುದೇ? ಬಹುದು. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ 2013ರ ಆಗಸ್ಟ್‌ನಲ್ಲಿ, ದನದ ಸ್ನಾಯುಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆದ ಮಾಂಸದ ಬಿಲ್ಲೆಯೊಂದನ್ನು ಲಂಡನ್ನಿನಲ್ಲಿ ಬೇಯಿಸಿ ತೋರಿಸಿದರು. ತೂಕ ಸುಮಾರು 140 ಗ್ರಾಂ. ಖರ್ಚು ಎರಡೂವರೆ ಲಕ್ಷ ಯೂರೋ, ಅಂದರೆ ಅಂದಿನ ದರದಲ್ಲಿ ಸುಮಾರು 2 ಕೋಟಿ ರೂಪಾಯಿ! 2020ರಲ್ಲಿ ಸಿಂಗಪುರ ಇಂಥ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಅಮೆರಿಕವೂ ಕೊಟ್ಟಿತು. ಆದರೆ 2024ರಲ್ಲಿ ಸಿಂಗಪುರದ ಅಂಗಡಿಗೆ ಬಂದ ಪೊಟ್ಟಣದಲ್ಲಿ ಕೋಳಿಯ ಕೋಶ ಇದ್ದದ್ದು ನೂರಕ್ಕೆ ಮೂರು ಪಾಲು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಸಸ್ಯದ ಪ್ರೋಟೀನು. ಹೈದರಾಬಾದಿನ ಸಿಸಿಎಂಬಿ ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳಿಗೂ ಈ ಕೆಲಸಕ್ಕೆಂದು 2019ರಲ್ಲಿ ಕೇಂದ್ರ ಸರ್ಕಾರದ ಹಣ ಸಿಕ್ಕಿತು.

ಇಷ್ಟು ದುಬಾರಿ ಏಕೆ? ಉತ್ತರ ಧರ್ಮಪುರದ ಬಯಲಲ್ಲೇ ಇದೆ. ತೊಟ್ಟಿಯಲ್ಲಿ ಬೆಳೆಯುವ ಕೋಶ ಹುಲ್ಲು ತಿನ್ನುವುದಿಲ್ಲ. ಅದಕ್ಕೆ ಶುದ್ಧ ಗ್ಲೂಕೋಸ್, ಅಮೈನೋ ಆಮ್ಲ, ವಿಟಮಿನ್ನು, ಬೆಳವಣಿಗೆಯ ಸೂಚನೆ ಕೊಡುವ ಪ್ರೋಟೀನುಗಳನ್ನು ಕೊಂಡು ತರಬೇಕು. ಈ ಕೊನೆಯದಂತೂ ಔಷಧದ ಬೆಲೆಯ ಸರಕು. ಪ್ರಾಣಿಕೋಶ ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಬ್ಯಾಕ್ಟೀರಿಯಾಕ್ಕೆ ಅರ್ಧ ಗಂಟೆಯೂ ಬೇಡ. ಒಂದೇ ಒಂದು ಒಳನುಗ್ಗಿದರೂ ತೊಟ್ಟಿಯೆಲ್ಲ ಚರಂಡಿ ಪಾಲು. ಆದ್ದರಿಂದ ಔಷಧ ಕಾರ್ಖಾನೆಯ ಶುಚಿತ್ವ ಬೇಕು. ಕೋಶಗಳು ಹೊರಹಾಕುವ ಅಮೋನಿಯಾವನ್ನೂ ತೆಗೆಯುತ್ತಿರಬೇಕು. ಕುರಿಯಲ್ಲಿ ಈ ಕೆಲಸಗಳನ್ನೆಲ್ಲ ಜಠರ, ಯಕೃತ್ತು, ಮೂತ್ರಪಿಂಡ, ಬಿಳಿರಕ್ತಕಣಗಳು ಬಿಲ್ಲಿಲ್ಲದೆ ಮಾಡುತ್ತವೆ!

ಹಾಗೆಂದು ಕುರಿಯ ಮಾಂಸ ನಿಜಕ್ಕೂ ಅಗ್ಗವೇ? 25 ಕಿಲೋ ತೂಗುವ ಕುರಿಯಲ್ಲಿ ಮಾಂಸ ಸಿಗುವುದು ಸುಮಾರು 12 ಕಿಲೋ. ನೀಲಿ ನಾಲಿಗೆ ರೋಗ ಬಂದರೆ ಅದೂ ಇಲ್ಲ. ಇನ್ನು ಕಾಯುವವರ ಕೂಲಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯವರದೇ ದುಡಿಮೆಯಲ್ಲವೆ? ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನೋಡಲಿ. ನೂರು ಕುರಿಗೆ ಇಬ್ಬರು, ದಿನಕ್ಕೆ ತಲಾ 400 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 2,92,000. ವರ್ಷದಲ್ಲಿ 60 ಮರಿ ಮಾರಿದರೆಂದುಕೊಳ್ಳಿ. ಕಿಲೋ ಮಾಂಸದ ಮೇಲೆ ಕೂಲಿಯೇ 400 ರೂಪಾಯಿ ದಾಟಿತು!

ಹಟ್ಟಿಯ ಹುಡುಗರಿಗೆ ಈ ಲೆಕ್ಕ ಬಾಯಿಪಾಠ. ಅದಕ್ಕೇ ಎಸ್‌ಎಸ್‌ಎಲ್‌ಸಿ ಮುಗಿಸಿದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ದೋಟಿ ಈಗ ಹೆಚ್ಚಾಗಿ ಅಪ್ಪಂದಿರ ಕೈಯಲ್ಲೇ ಉಳಿದಿದೆ.