ಮೊರಪ್ಪೂರಿನ ದಾರಿಯಲ್ಲಿ ಒಂದು ಕೆಂಪು ದೀಪ

ಧರ್ಮಪುರಿಯಿಂದ ಪೂರ್ವಕ್ಕೆ ಹೊರಟವರಿಗೆ ಮೊರಪ್ಪೂರು ಮೊದಲು ರೈಲುನಿಲ್ದಾಣವಾಗಿಯೇ ಪರಿಚಯವಾಗುತ್ತದೆ. ಜೋಲಾರಪೇಟೆಯಿಂದ ಸೇಲಂಗೆ ಹೋಗುವ ಹಳೆಯ ಹಾದಿಯ ಮೇಲಿರುವ ಈ ಊರಿನಿಂದ 1906ರಲ್ಲಿ ಧರ್ಮಪುರಿಗೆ ಕಿರುಹಳಿಯ ರೈಲು ಆರಂಭವಾಯಿತು. ಮುಂದೆ ಅದು ಹೊಸೂರಿನವರೆಗೂ ಬೆಳೆಯಿತು. 1941ರಲ್ಲಿ, ಯುದ್ಧಕಾಲದಲ್ಲಿ, ಅದು ನಿಂತುಹೋಯಿತು. ಹಳಿ ಹೋದರೂ ನಂಟು ಹೋಗಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ನೊಳಂಬರು ಧರ್ಮಪುರಿಯಲ್ಲಿ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಇಂದಿಗೂ ಈ ಕಡೆಯ ನಮ್ಮ ಮನೆಗಳಲ್ಲಿ ಬೀದಿಯ ಮಾತು ತಮಿಳು, ಅಡುಗೆಮನೆಯ ಮಾತು ಕನ್ನಡ.

ಹರೂರಿನಾಚೆಯ ತೀರ್ಥಮಲೆಗೆ ಹೋಗುವ ನಮ್ಮವರಲ್ಲಿ ಹಲವರು ಮೊರಪ್ಪೂರಿನ ಮೇಲೆಯೇ ಸಾಗುತ್ತಾರೆ. ಕಳೆದ ಕಾರ್ತಿಕದಲ್ಲಿ ನಾವೂ ವೃದ್ಧೆಯಾದ ಅತ್ತೆಯವರನ್ನು ಕೂಡಿಸಿಕೊಂಡು ಹಳೆಯ ಕಾರಿನಲ್ಲಿ ಹೊರಟಿದ್ದೆವು. ಧರ್ಮಪುರಿ ದಾಟುವಷ್ಟರಲ್ಲಿ ಕತ್ತಲಾಯಿತು. ಚಾಲಕನ ಮುಂದಿನ ಫಲಕದಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು. ಮುಂದಿನ ದೀಪಗಳು ಬರಬರುತ್ತ ಮಂಕಾದವು. ಮೊರಪ್ಪೂರಿನ ಭಾವನವರ ಮನೆಯ ಅಂಗಳ ಸೇರುವಾಗ ರಸ್ತೆಯ ಅಂಚು ಕಾಣಿಸದಂತಾಗಿತ್ತು.

ಬೆಳಿಗ್ಗೆ ನೆರೆಯವರೊಬ್ಬರು, ಹೊಸ ಬ್ಯಾಟರಿ ಹಾಕಿಸದೆ ಗತಿಯಿಲ್ಲವೆಂದರು. ಅದು ಹಲವು ಸಾವಿರ ರೂಪಾಯಿಗಳ ಮಾತು. ರೈಲುಡಬ್ಬಿಗಳ ದೀಪದ ಕೆಲಸ ಮಾಡಿ ನಿವೃತ್ತರಾದ ಭಾವನವರು ನಕ್ಕು, “ಕಣಜ ಬರಿದಾಯಿತೆಂದು ಕಣಜವನ್ನೇ ಒಡೆದು ಕಟ್ಟುತ್ತಾರೆಯೇ, ಮೇಷ್ಟ್ರೇ? ಮೊದಲು ಹೊಲದಲ್ಲಿ ಬೆಳೆ ಬಂದಿದೆಯೋ ನೋಡೋಣ” ಎಂದರು.

ಅವರ ಮಾತಿನ ಅರ್ಥ ಸರಳವಾದುದು. ಬ್ಯಾಟರಿ ವಿದ್ಯುತ್ತಿನ ಕಣಜ. ಎಂಜಿನ್ನು ಬೆಲ್ಟಿನ ಮೂಲಕ ತಿರುಗಿಸುವ ಆಲ್ಟರ್ನೇಟರು ಅದನ್ನು ತುಂಬುವ ಹೊಲ. ರೈಲುಡಬ್ಬಿಗಳಲ್ಲಿಯೂ ಚಕ್ರದ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗುವ ಯಂತ್ರವೇ ಬ್ಯಾಟರಿಗಳನ್ನು ತುಂಬುತ್ತಿತ್ತು. ಗಾಡಿ ನಿಲ್ದಾಣದಲ್ಲಿ ನಿಂತಾಗಲೂ ದೀಪ ಉರಿಯುತ್ತಿದ್ದುದು ಅದರಿಂದಲೇ.

ಭಾವನವರು ಮಲ್ಟಿಮೀಟರು ತಂದು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದರು. ಪೂರ್ಣ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸಬೇಕು. ನಮ್ಮದು 12ರ ಆಸುಪಾಸಿನಲ್ಲಿತ್ತು. ಕಾರನ್ನು ಹೇಗೋ ಚಾಲೂ ಮಾಡಿದ ಮೇಲೆ ಅದು ಸುಮಾರು 13.8ರಿಂದ 14.4ರವರೆಗೆ ಏರಬೇಕಿತ್ತು, ಏರಲಿಲ್ಲ. ದೋಷ ಕಣಜದಲ್ಲಲ್ಲ, ಕಣಜಕ್ಕೆ ಕಾಳು ಬರುತ್ತಿಲ್ಲವೆಂಬುದು ನಿಶ್ಚಯವಾಯಿತು.

ಎಂಜಿನ್ನು ನಿಲ್ಲಿಸಿ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರು. ಸುಮಾರು ಅರ್ಧ ಅಂಗುಲ ಬಾಗಬೇಕಾದುದು ಅದಕ್ಕಿಂತ ಬಹಳ ಬಾಗಿತು. ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ತಿರುಪನ್ನು ಸಡಿಲಿಸಿ, ಆಲ್ಟರ್ನೇಟರನ್ನು ಹೊರಕ್ಕೆ ಎಳೆದು ಬಿಗಿ ಮಾಡಿದರು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಋಣ ತಂತಿಯನ್ನು ಮೊದಲು ಬಿಡಿಸಿ, ಅಡುಗೆ ಸೋಡದ ನೀರಿನಿಂದ ತೊಳೆದು ಒರೆಸಿದರು. ಮತ್ತೆ ಚಾಲೂ ಮಾಡಿದಾಗ ಮಲ್ಟಿಮೀಟರು 14 ವೋಲ್ಟನ್ನು ಮುಟ್ಟಿತು. ದೀಪ ಹೊತ್ತಿಸಿದರೂ ಇಳಿಯಲಿಲ್ಲ. ಕೆಂಪು ದೀಪ ಆರಿತು. ಖರ್ಚು ಒಂದು ಲೋಟ ಸೋಡನೀರು.

ಕುಟುಂಬದೊಡನೆ ದೂರ ಹೊರಡುವವರು ಈ ಕ್ರಮವನ್ನು ನೆನಪಿಡುವುದೊಳ್ಳೆಯದು: ಮೊದಲು ತುದಿಗಳು, ಅನಂತರ ಬೆಲ್ಟು, ಬಳಿಕ ಅಳತೆ. ಇವು ಸರಿಯಿದ್ದೂ ವೋಲ್ಟು ಏರದಿದ್ದರೆ ಬ್ರಷ್ಷು, ರೆಗ್ಯುಲೇಟರು ಅಥವಾ ಡಯೋಡುಗಳ ದೋಷ ಇರಬಹುದು. ಅದು ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ. ವೋಲ್ಟು 15ನ್ನು ದಾಟಿದರೂ ಅಪಾಯವೇ. ಬ್ಯಾಟರಿಯ ನೀರು ಕುದಿದು ಒಣಗುತ್ತದೆ. ಎಂಜಿನ್ನು ನಡೆಯುವಾಗ ಬ್ಯಾಟರಿಯ ತಂತಿಯನ್ನು ಕಳಚಬಾರದು, ಬೆಲ್ಟಿನ ಬಳಿ ಸೀರೆಯ ಸೆರಗು, ಪಂಚೆಯ ಅಂಚು ಸುಳಿಯಬಾರದು. ತುಂಬುತ್ತಿರುವ ಬ್ಯಾಟರಿಯಿಂದ ಹೊರಡುವ ಜಲಜನಕ ಬೇಗ ಹತ್ತಿಕೊಳ್ಳುವುದರಿಂದ ಅದರ ಬಳಿ ಬೀಡಿ ಹಚ್ಚಬಾರದು.

ನಾವು ಅಂದೇ ತೀರ್ಥಮಲೆಗೆ ಹೋಗಿ ದರ್ಶನ ಮುಗಿಸಿದೆವು. ಈ ಬೆಟ್ಟದ ಸೀಮೆಯಲ್ಲಿ ಕತ್ತಲು ಬೇಗ ಕವಿಯುತ್ತದೆ. ಕೆಂಪು ದೀಪ ಕಂಡ ಮೇಲೆ ಮುಂದಿನ ಊರಿನವರೆಗೆ ತಳ್ಳೋಣವೆನ್ನದೆ, ಹಗಲಿನಲ್ಲಿಯೇ ನಿಂತು ನೋಡುವವನೇ ಜಾಣ.