ಚಾರ್ಮಾಡಿ ಘಾಟಿ, ಭಾಗ 3: ತಳ್ಳಿದ್ದು

ಸೈಕಲ್ ತಲೆ ಮೇಲೆ ಎತ್ತಿ ಹಿಡಿದ ಫೋಟೋ ನೋಡಿ ನಿನ್ನೆಯಿಂದ ಎಲ್ಲರೂ ಕೇಳ್ತಿದ್ದೀರಿ, "ಪೂರಾ ತುಳಿದಿಯಾ ಮಾರಾಯ?" ಇಲ್ಲ.

ಬೆಳಿಗ್ಗೆ 5ಕ್ಕೆ ಬಿ.ಸಿ. ರೋಡಿನಿಂದ ಹೊರಟದ್ದು ನಾವಿಬ್ಬರೇ. ಬೆಳ್ತಂಗಡಿಯಲ್ಲಿ ಬನ್ಸ್, ಚಾ. ಗಡಾಯಿಕಲ್ಲು ಮಂಜಿನಲ್ಲಿ ಅರ್ಧ ಮಾತ್ರ ಕಂಡಿತು. ಉಜಿರೆ, ಮುಂಡಾಜೆ, ಕಕ್ಕಿಂಜೆವರೆಗೆ ನಾನೇ ಮುಂದೆ, ಜಂಬ ಬೇರೆ. ಚಾರ್ಮಾಡಿ ದಾಟಿ ಏರು ಶುರುವಾದದ್ದೇ ಬಾಯಿ ಬಂದ್. ಗೆಳೆಯ ಆರಾಮದಲ್ಲಿ ಮುಂದೆ ಹೋಗಿ ಮಂಜಿನೊಳಗೆ ಕಾಣದಾದ.

ಹೇರ್‌ಪಿನ್ ತಿರುವಿನ ಒಳಮಗ್ಗುಲು ಭಾರೀ ಕಡಿದು. ಸ್ವಲ್ಪ ಅಗಲಕ್ಕೆ ಹೋದ್ರೆ ಏರು ಕಮ್ಮಿ, ಆದ್ರೆ ಎದುರಿಂದ ಬಸ್ಸು! ಎಡಕ್ಕೇ ಅಂಟಿಕೊಂಡು ತುಳಿದೆ. ತೀರಾ ಸಣ್ಣ ಗೇರಿನಲ್ಲೂ ತೊಡೆ ನಡುಗ್ತಾ ಇತ್ತು. ಐದನೇ ತಿರುವಿನಲ್ಲಿ ಕಾಲು ಕೆಳಗಿಟ್ಟೆ.

2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಬಂದ್ ಆಗಿದ್ದ ರಸ್ತೆ ಇದೇ. ಅಂಥ ಗುಡ್ಡದ ಬುಡದಲ್ಲಿ ನನಗಿದ್ದ ಚಿಂತೆ ಒಂದೇ: ಇವನಿಗೆ ಗೊತ್ತಾಗಬಾರ್ದು. ತಲೆ ತಗ್ಗಿಸಿ ತಳ್ಳಿಕೊಂಡು ಹೋದೆ. ಮುಂದಿನ ತಿರುವು ದಾಟಿ ನೋಡಿದ್ರೆ, ಅವನೂ ತಳ್ತಾ ಇದ್ದಾನೆ! ನನ್ನನ್ನು ಕಂಡದ್ದೇ ಗಡಿಬಿಡಿಯಲ್ಲಿ ಸೈಕಲ್ ಹತ್ತಲಿಕ್ಕೆ ಹೋಗಿ ಚೈನ್ ಜಾರಿಸಿಕೊಂಡ.

ಉಳಿದ ಏರು ಒಟ್ಟಿಗೇ ತಳ್ಳಿದೆವು. ಕೊಟ್ಟಿಗೆಹಾರದಲ್ಲಿ ಎಷ್ಟು ನೀರು ದೋಸೆ ತಿಂದೆವು ಅಂತ ಕೇಳ್ಬೇಡಿ. ಫೋಟೋ ತೆಗೆದದ್ದು ಅದರ ನಂತರ.