ಲಯ ತಪ್ಪಿದ ಆಟ

ಬದಿಯಡ್ಕದ ಸಮೀಪ, ಅಡಿಕೆ ತೋಟದ ನಡುವಿನ ನಮ್ಮ ಮನೆಯ ಚಾವಡಿ ಎರಡು ಬಗೆಯ ಆಟಗಳನ್ನು ಕಂಡಿದೆ. ಒಂದು, ಮಳೆಗಾಲದ ರಾತ್ರಿಗಳಲ್ಲಿ ಹಿರಿಯರು ಕೂಡಿ ನಡೆಸುತ್ತಿದ್ದ ತಾಳಮದ್ದಳೆ. ಇನ್ನೊಂದು, ಅದೇ ಚಾವಡಿಯ ಮೂಲೆಯಲ್ಲಿ ಮಗನ ಕಂಪ್ಯೂಟರಿನಲ್ಲಿ ನಡೆಯುವ ಕಾರುಗಳ ಓಟ. ಇವೆರಡಕ್ಕೂ ಏನಾದರೂ ಸಂಬಂಧವಿರಬಹುದೆಂದು ಕಳೆದ ಮಳೆಗಾಲದವರೆಗೆ ನಾವು ಎಣಿಸಿರಲಿಲ್ಲ.

ಆ ಮಳೆಗಾಲ ನಮ್ಮ ಪಾಲಿಗೆ ಕಷ್ಟದ್ದಾಗಿತ್ತು. ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ಮಳೆ ಬಿಡುವು ಕೊಡಲಿಲ್ಲ. ಕೊಳೆರೋಗ ತಗಲಿ ಎಳೆಯ ಅಡಿಕೆ ಬುಡದಲ್ಲಿ ಉದುರಿ ಬಿತ್ತು. ಅದೇ ವಾರ ಪ್ಲಸ್ ಟು ಓದುತ್ತಿದ್ದ ಮಗ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದ. ಆಟ ತಡೆತಡೆದು ಓಡುತ್ತದೆ, ತಿರುವಿನಲ್ಲಿ ಕಾರು ಜಿಗಿಯುತ್ತದೆ ಎಂಬುದು ಅವನ ದೂರು. ತೋಟದಿಂದ ಹೆಕ್ಕಿ ತಂದ ಕೊಳೆತ ಕಾಯಿಗಳನ್ನು ತೋರಿಸಿ ನಾವು ಬೈದೆವು. ಆಡುವುದೇ ಅಪರಾಧ ಎನ್ನುವವರೆಗೆ ಮಾತು ಬೆಳೆಯಿತು. ಅವನು ಎದುರಾಡಲಿಲ್ಲ. ಆ ಬಳಿಕ ಹತ್ತು ದಿನ ಊಟಕ್ಕೆ ಕರೆದಾಗ ಮಾತ್ರ ಎದ್ದು ಬರುತ್ತಿದ್ದ.

ಮೌನವನ್ನು ಮುರಿದವರು ಅಜ್ಜ. ಒಂದು ಕಾಲದಲ್ಲಿ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ ರಾತ್ರಿಯಿಡೀ ಮದ್ದಳೆ ನುಡಿಸಿದವರು. ಈಗ ಕೈ ನಡುಗುತ್ತದೆ. ಕಣ್ಣು, ಕಿವಿ ಚುರುಕಾಗಿಯೇ ಇವೆ. ಒಂದು ಸಂಜೆ ಮೊಮ್ಮಗನ ಬೆನ್ನ ಹಿಂದೆ ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ನೋಡಿದರು. “ನಿಧಾನವಾದರೆ ಸಹಿಸಬಹುದು ಮಗಾ, ವಿಳಂಬದಲ್ಲಿಯೂ ಚೆಂದ ಉಂಟು. ಇಲ್ಲಿ ಲಯವೇ ತಪ್ಪುತ್ತಿದೆ” ಎಂದರು. ಮಗ ಥಟ್ಟನೆ ತಿರುಗಿದ. “ಅದೇ ಅಜ್ಜಾ, ಅದೇ!” ಎಂದವನು ಕಾಗದ ತೆಗೆದು ಲೆಕ್ಕ ಬರೆಯತೊಡಗಿದ. ನಾವೂ ಬಗ್ಗಿ ನೋಡಿದೆವು.

ತೆರೆಯ ಮೇಲಿನ ಚಲನೆಯೆಲ್ಲವೂ ನಿಂತ ಚಿತ್ರಗಳ ಸಾಲು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕು. ಅಲ್ಲಿ ಚಲನೆಯ ಮಸುಕನ್ನೂ ಕ್ಯಾಮರಾ ಹಿಡಿದಿರುವುದರಿಂದ ಒಂದು ಚಿತ್ರ ಇನ್ನೊಂದರಲ್ಲಿ ಕರಗುತ್ತದೆ. ಆಟದ ಚಿತ್ರಗಳಾದರೋ ಮೊದಲೇ ತೆಗೆದಿರಿಸಿದವಲ್ಲ. ಆಡುವವನು ಗುಂಡಿ ಒತ್ತಿದಂತೆ ಆಗಿಂದಾಗಲೇ ಲೆಕ್ಕ ಹಾಕಿ ಬಿಡಿಸಬೇಕಾದವು. ಸೆಕೆಂಡಿಗೆ 60 ಚಿತ್ರ ಬೇಕಿದ್ದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ಈಗ 54 ಚಿತ್ರಗಳು ಹೊತ್ತಿಗೆ ಸರಿಯಾಗಿ ಬಂದು, ಒಂದೇ ಒಂದು ಚಿತ್ರ 100 ಮಿಲಿಸೆಕೆಂಡು ತೆಗೆದುಕೊಂಡಿತು ಎನ್ನೋಣ. ಆ ಸೆಕೆಂಡಿನ ಎಣಿಕೆ 55 ಎಂದೇ ತೋರುತ್ತದೆ. ಲೆಕ್ಕದಲ್ಲಿ ನಷ್ಟ ಅತ್ಯಲ್ಪ. ಕಣ್ಣಿಗೆ ಮಾತ್ರ ಆ ಒಂದು ತಡವರಿಕೆಯೇ ಕಾಣುತ್ತದೆ. “ನೂರು ಪೆಟ್ಟು ಸರಿಯಾಗಿ ಬಿದ್ದು ಒಂದು ಜಾರಿದರೆ ಸಭೆಗೆ ಕೇಳುವುದು ಜಾರಿದ ಪೆಟ್ಟೇ” ಎಂದು ಅಜ್ಜ ತಲೆದೂಗಿದರು.

ಹಣ ಕೊಡಲಾಗದಿದ್ದರೆ ಕೈಯನ್ನಾದರೂ ಕೊಡೋಣವೆಂದು ಮುಂದಿನ ಭಾನುವಾರ ನಾವೂ ಮಗನ ಜೊತೆ ಕುಳಿತೆವು. ವಿದ್ಯುತ್ ಸಂಪರ್ಕ ಕಳಚಿ ಪೆಟ್ಟಿಗೆ ಬಿಚ್ಚಿದೆವು. ನಮ್ಮದು ಗಾರೆಯಿಲ್ಲದ ಕೆಂಪುಕಲ್ಲಿನ ಗೋಡೆ. ಪೆಟ್ಟಿಗೆಯನ್ನು ಅದಕ್ಕೆ ಒತ್ತಿಯೇ ಇಟ್ಟಿದ್ದೆವು. ಫ್ಯಾನಿನ ಎಲೆಗಳ ಮೇಲೂ ಶಾಖ ಹೊರಹಾಕುವ ಲೋಹದ ತಗಡುಗಳ ಸಂದಿನಲ್ಲೂ ಕೆಂಪು ಹುಡಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಣಿದಾಗ ಮತ್ತೆ ಏರಿಸುತ್ತದೆ. ಈ ಏರಿಳಿತವೂ ತಡವರಿಕೆಗೆ ಒಂದು ಕಾರಣ. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಕುಂಚದಿಂದ ಹುಡಿ ತೆಗೆದೆವು. ಪ್ರೊಸೆಸರಿನ ಮೇಲೆ ಒಣಗಿ ಬಿರಿದಿದ್ದ ಥರ್ಮಲ್ ಪೇಸ್ಟನ್ನು ಒರೆಸಿ, ಕಡಲೆಕಾಳಿನಷ್ಟು ಹೊಸತನ್ನು ಇಟ್ಟೆವು.

ಎಲ್ಲವನ್ನೂ ಮರಳಿ ಜೋಡಿಸುವಾಗ ಮಗ ಪೆಟ್ಟಿಗೆಯ ಹಿಂಬದಿಯನ್ನು ನೋಡಿ ಸುಮ್ಮನಾದ. “ಅಪ್ಪಾ, ಮಾನಿಟರಿನ ಕೇಬಲನ್ನು ಇಲ್ಲಿ ಸಿಕ್ಕಿಸಿದ್ದು ಯಾರು?” ಎಂದು ಮೆಲ್ಲಗೆ ಕೇಳಿದ. ವಿಷುವಿಗೆ ಮುನ್ನ ಚಾವಡಿ ತೊಳೆಯುವಾಗ ಕಂಪ್ಯೂಟರನ್ನು ಬದಿಗೆ ಸರಿಸಿ, ಮತ್ತೆ ಜೋಡಿಸಿದವರು ನಾವೇ. ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕಿದ್ದ ಕೇಬಲನ್ನು ಮೇಲಿನ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದೆವು. ಚಿತ್ರ ಬರುತ್ತಿತ್ತಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಇದ್ದ ಕಾರ್ಡು ಅಷ್ಟು ತಿಂಗಳು ಕೆಲಸವಿಲ್ಲದೆ ಕುಳಿತಿತ್ತು. ಅದರ ಹೊರೆಯನ್ನು ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಭಾಗ ಏದುಸಿರು ಬಿಡುತ್ತ ಹೊತ್ತಿತ್ತು. ಮಗ ನಕ್ಕುಬಿಟ್ಟ. ನಮಗೆ ನಗು ಬರಲಿಲ್ಲ. “ತಪ್ಪು ನಮ್ಮದೇ” ಎಂಬ ಎರಡು ಪದಗಳು ಬಾಯಿಂದ ಹೊರಡಲು ರಾತ್ರಿಯ ಊಟದ ಹೊತ್ತಾಯಿತು.

ಉಳಿದದ್ದು ಹದದ ಕೆಲಸ. ಹಿನ್ನೆಲೆಯಲ್ಲಿ ಓಡುತ್ತಿದ್ದ ಬೇಡದ ತಂತ್ರಾಂಶಗಳನ್ನು ಅವನು ಮುಚ್ಚಿದ. ಕಾರ್ಡಿನ ಡ್ರೈವರನ್ನು ಹೊಸದಾಗಿಸಿದ. ನೆರಳುಗಳ ಗುಣಮಟ್ಟವನ್ನು ಒಂದು ಹಂತ ಇಳಿಸಿದ. ನೆರಳಿಗಾಗಿ ಕಾರ್ಡು ಪಡುವ ಶ್ರಮ ದೊಡ್ಡದು, ಓಟದ ನಡುವೆ ಅದನ್ನು ದಿಟ್ಟಿಸುವವರಿಲ್ಲ. ಚಿತ್ರವನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಬಿಡಿಸಬೇಕಾದ ಬಿಂದುಗಳು 20,73,600ರಿಂದ 9,21,600ಕ್ಕೆ ಇಳಿಯುತ್ತವೆ ಎಂದೂ ತೋರಿಸಿದ. ಆದರೆ ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಈಗ ಎಣಿಕೆ ಒಮ್ಮೆ 90ಕ್ಕೆ ಏರಿ, ಜನಜಂಗುಳಿಯ ದೃಶ್ಯದಲ್ಲಿ 65ಕ್ಕೆ ಇಳಿಯುತ್ತಿತ್ತು. ನಮ್ಮ ಮಾನಿಟರ್ ಸೆಕೆಂಡಿಗೆ 60 ಬಾರಿ ಮಾತ್ರ ಹೊಸ ಚಿತ್ರ ತೋರಿಸಬಲ್ಲದು. ಮಗ ಮಿತಿಯನ್ನು 60ಕ್ಕೇ ಕಟ್ಟಿದ. ಏರಿಕೆ ಹೋಯಿತು, ಇಳಿಕೆಯೂ ಹೋಯಿತು, ಪೆಟ್ಟಿಗೆಯ ಬಿಸಿಯೂ ತಗ್ಗಿತು. ತಿರುವಿನಲ್ಲಿ ಕಾರು ನೀರಿನ ಮೇಲಿನ ದೋಣಿಯಂತೆ ಸಾಗಿತು.

1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಈ ನೆಲದಲ್ಲಿ, ಕನ್ನಡ ಉಳಿಯಬೇಕೆಂಬ ಮಾತನ್ನು ನಾವು ಅನೇಕ ವೇದಿಕೆಗಳಲ್ಲಿ ಕೇಳಿದ್ದೇವೆ, ಆಡಿಯೂ ಇದ್ದೇವೆ. ನಮ್ಮ ಮಗನಿಗೆ ತರಗತಿಯಲ್ಲಿ ಇಂಗ್ಲಿಷು, ಗೆಳೆಯರೊಡನೆ ಮಲಯಾಳ, ಮನೆಯಲ್ಲಿ ಊಟ ತಿಂಡಿಗೆ ಬೇಕಾದಷ್ಟು ಕನ್ನಡ. ಅವನ ಕನ್ನಡ ಸೊರಗಿತೆಂದು ನಾವು ಕೊರಗುತ್ತಿದ್ದೆವು. ಅವನಿಗೆ ಪ್ರಿಯವಾದ ಸಂಗತಿಯ ಕುರಿತು ಕನ್ನಡದಲ್ಲಿ ಒಂದು ಪ್ರಶ್ನೆಯನ್ನೂ ನಾವು ಕೇಳಿರಲಿಲ್ಲ. ಅಜ್ಜ ಕೇಳಿದ ಆ ಸಂಜೆ ಅವನು ಒಂದು ಗಂಟೆ ಕನ್ನಡದಲ್ಲಿ ಮಾತಾಡಿದ. ಸಿಗದ ಪದಗಳಿಗೆ ತಡೆದಾಗ ಅಜ್ಜ ಮದ್ದಳೆಯಿಂದ ತೆಗೆದುಕೊಟ್ಟರು.

ಹೊಸ ಕಾರ್ಡ್ ಇನ್ನೂ ಬಂದಿಲ್ಲ. ಈ ವರ್ಷ ಅಡಿಕೆ ಕೈಹಿಡಿದರೆ ನೋಡೋಣವೆಂದಿದ್ದೇವೆ; ಅವನೂ ಅವಸರಪಡಿಸಿಲ್ಲ. ಅಜ್ಜನ ಕುರ್ಚಿ ಚಾವಡಿಯ ಆ ಮೂಲೆಯಲ್ಲಿಯೇ ಉಳಿದಿದೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಬಂದು ಕುಳಿತು ಕೇಳುತ್ತಾರೆ: “ಇವತ್ತು ಎಷ್ಟು?”

“ಅರವತ್ತು, ಅಜ್ಜಾ.”

“ತಪ್ಪದೆ?”

“ತಪ್ಪದೆ.”